ಸಿಂಚನಳ ದತ್ತು ಕಡತಕ್ಕೆ ನಾನು ಎಸಗಿದ ಅನ್ಯಾಯಗಳು

ಈ ಪ್ರಕರಣದಲ್ಲಿ ಅನ್ಯಾಯಕ್ಕೆ ಒಳಗಾದವಳು ಸಿಂಚನ. ಪ್ರಕರಣ ಆರಂಭವಾದಾಗ ವಯಸ್ಸು ಒಂಬತ್ತು. ಈಗ ಹತ್ತು ತುಂಬಿದೆ. ಆ ಒಂದು ವರ್ಷ ಎಲ್ಲಿ ಹೋಯಿತು, ಅದನ್ನು ಕಳೆದವರು ಯಾರು ಎಂಬುದನ್ನು ಸಾರ್ವಜನಿಕರ ಮುಂದಿಡುವುದು ನನ್ನ ನೈತಿಕ ಹೊಣೆ. ತಪ್ಪಿತಸ್ಥರ ಹೆಸರು ಹೇಳಲು ನಾನು ಎಂದೂ ಹೆದರಿದವಳಲ್ಲ. ಈ ಸಲ ಮಾತ್ರ ಸ್ವಲ್ಪ ಹೆದರಿಕೆಯಾಗುತ್ತಿದೆ!

ಸಿಂಚನ ನನ್ನ ಅಣ್ಣನ ಮಗಳು. ಅವಳಿಗೆ ಎರಡು ವರ್ಷವಾಗಿದ್ದಾಗ ಅಣ್ಣ, ಅತ್ತಿಗೆ ಇಬ್ಬರೂ ಒಂದೇ ಅಪಘಾತದಲ್ಲಿ ತೀರಿಹೋದರು. ಆಗ ಕೆ.ಆರ್. ನಗರದಲ್ಲಿ ನರ್ಸ್ ಆಗಿದ್ದ ನನ್ನ ತಂಗಿ ಸುನಂದಾ ಮಗುವನ್ನು ಎತ್ತಿಕೊಂಡು ಹೋಗಿ ಐದು ವರ್ಷ ಸಾಕಿದಳು. ಸಿಂಚನ ಅವಳನ್ನು "ಅಮ್ಮ" ಎಂದೇ ಕರೆಯುತ್ತಾಳೆ. ಆಮೇಲೆ ಸುನಂದಾಳಿಗೂ ಅವಳ ಗಂಡನಿಗೂ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿತು. ಸೋದರತ್ತೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ಕೈಹಿಡಿದು ವಿಮಾನ ಹತ್ತಿಸಲು ಕಾನೂನು ಒಪ್ಪುವುದಿಲ್ಲ. ದತ್ತು ಆಗಬೇಕು; ಎರಡು ದೇಶಗಳೂ ಸರಿಯೆನ್ನಬೇಕು. ಹೀಗಾಗಿ "ಕಾಗದಗಳು ಆಗುವ ತನಕ" ಎಂದು ಸಿಂಚನ ಹುಣಸೂರಿನ ಪಕ್ಕದ ನಮ್ಮ ಮನೆಗೆ ಬಂದಳು.

ಎರಡು ವರ್ಷಗಳಲ್ಲಿ ಆ ದೇಶದವರು ತಮ್ಮ ಪಾಲಿನ ಪರಿಶೀಲನೆಯನ್ನೆಲ್ಲ ಮುಗಿಸಿ ಅನುಮತಿ ಕೊಟ್ಟರು. ಆ ಅನುಮತಿಗೆ ಒಂದು ಕೊನೆಯ ದಿನಾಂಕವಿತ್ತು. ಅಷ್ಟರೊಳಗೆ ನಮ್ಮ ಕಡೆಯ ಕಾಗದಗಳು ಆಗದಿದ್ದರೆ ಎಲ್ಲವೂ ಮೊದಲಿನಿಂದ.

"ಅಕ್ಕ, ಆರೇ ಆರು ಕಾಗದ. ಯಾರಾದ್ರೂ ತಿಳಿದೋರನ್ನ ಇಟ್ಕೊಂಡು ಮಾಡ್ಸು" ಎಂದಳು ಸುನಂದಾ ಫೋನಿನಲ್ಲಿ.

ತಿಳಿದವರು! ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಎಚ್ಚೆತ್ತ ನಾಗರಿಕರ ವೇದಿಕೆಯ ಸಂಸ್ಥಾಪಕ ಅಧ್ಯಕ್ಷೆ. ಚರಂಡಿಯಿಂದ ಹಿಡಿದು ಸಂವಿಧಾನದವರೆಗೆ ನಾನು ಮನವಿಪತ್ರ ಬರೆಯದ ವಿಷಯವಿಲ್ಲ. ತಾಲ್ಲೂಕು ಕಚೇರಿಯ ಮೆಟ್ಟಿಲು ನಾನು ಹತ್ತುತ್ತಿದ್ದರೆ ಒಳಗಿದ್ದವರು ಹಿಂಬಾಗಿಲಿನಿಂದ ಊಟಕ್ಕೆ ಹೋಗುತ್ತಾರೆ, ಬೆಳಗ್ಗೆ ಹನ್ನೊಂದಕ್ಕೇ! ಅಂಥವಳಿಗೆ ಆರು ಕಾಗದ ಯಾವ ಲೆಕ್ಕ?

"ನಾನಿದ್ದೀನಿ, ನೀನು ಟಿಕೆಟ್ ನೋಡು" ಎಂದೆ.

ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದ ಮಹದೇವ ತಲೆಯೆತ್ತಿದ. ಮಹದೇವ ನನ್ನ ಬಾಳಸಂಗಾತಿ. "ಯಜಮಾನರು" ಎಂಬ ಊಳಿಗಮಾನ್ಯ ಪದವನ್ನು ನಾನು ಬಳಸುವುದಿಲ್ಲ. ಸಮಾನತೆಯ ತತ್ತ್ವದಂತೆ ನಾವಿಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತೇವೆ. ನಾನು ಗಟ್ಟಿಯಾಗಿ, ಅವನು ಮೆಲ್ಲಗೆ. ಅವನು ಹೊಗೆಸೊಪ್ಪು ಬೆಳೆಯುತ್ತಾನೆ. ನಾನು ತಂಬಾಕು ವಿರೋಧಿ ಜಾಥಾ ನಡೆಸುತ್ತೇನೆ. ಮಳೆಗಾಲದಲ್ಲಿ ಜಾಥಾದ ಬ್ಯಾನರುಗಳನ್ನು ಅವನು ಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲೇ ಒಣಗಿಸುತ್ತೇನೆ. ಹೀಗೆ ಸಂಸಾರ ಸಾಗಿದೆ.

"ಜಯಾ, ಬಸ್ ಸ್ಟ್ಯಾಂಡ್ ತಾವ ಕಂಪ್ಯೂಟರ್ ಇಟ್ಕೊಂಡವ್ನಲ್ಲ, ಅವ್ನಿಗೆ ಇವೆಲ್ಲ ಗೊತ್ತು. ಅವ್ನು ಮಾಡ್ಕೊಡ್ತಾನೆ ಬುಡು" ಎಂದ.

"ಮಧ್ಯವರ್ತಿ ಸಂಸ್ಕೃತಿ!" ಎಂದೆ.

ಮಹದೇವ ಮತ್ತೆ ಕಡಲೆಕಾಯಿಯತ್ತ ತಿರುಗಿದ.

ಜನನ ಪ್ರಮಾಣಪತ್ರ ಬಂತು. ಎರಡು ಮರಣ ಪ್ರಮಾಣಪತ್ರಗಳೂ ಬಂದವು. ನಾಲ್ಕನೆಯದು ವಂಶವೃಕ್ಷ. ಸುನಂದಾ ನಿಜವಾಗಿ ಮಗುವಿನ ತಂದೆಯ ತಂಗಿಯೇ ಎಂಬುದಕ್ಕೆ ಸರ್ಕಾರದ ಪುರಾವೆ. ಅದಕ್ಕಾಗಿ ಹೆಗ್ಗಡದೇವನಕೋಟೆ ತಾಲ್ಲೂಕಿನ ನಮ್ಮ ತವರೂರಿಗೆ ಸಂಬಂಧಿಸಿದಂತೆ ಹಂಪಾಪುರದ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕಿತ್ತು. ಗ್ರಾಮದ ಲೆಕ್ಕ ನೋಡಿಕೊಳ್ಳುವ ಅಧಿಕಾರಿ ಒಬ್ಬ ವಿನಯವಂತ ಯುವಕ. ಒಂದು ಬಿಳಿ ಹಾಳೆ ಕೊಟ್ಟ.

"ಮೇಡಂ, ನಿಮ್ ತಂದೆಯವ್ರು, ಅವ್ರ ಮೂರು ಜನ ಮಕ್ಳು, ಆಮೇಲೆ ಮೊಮ್ಮಗಳು. ಐದು ಹೆಸ್ರು ಬರ್ಕೊಡಿ. ಮುಂದಿನ್ ವಾರ ಊರಲ್ಲಿ ಮಹಜರು ಮಾಡಿ ಕೊಟ್ಬುಡ್ತೀನಿ."

"ನಮ್ಮ ತಾಯಿ?"

"ಅವ್ರನ್ನೂ ಬರ್ಕೊಳಿ ಮೇಡಂ. ಬ್ಯಾಡ ಅಂದೋರ್ಯಾರು?"

ಇಲ್ಲಿಗೆ ನಿಲ್ಲಿಸಬಹುದಿತ್ತು. ಆರು ಹೆಸರು, ಒಂದು ಹಾಳೆ, ಒಂದು ವಾರ. ಆದರೆ ನನ್ನೊಳಗಿನ ಸಮಾಜ ವಿಜ್ಞಾನ ಎದ್ದು ಕುಳಿತಿತು. ಇದೆಂಥ ಮರ? ಇದಕ್ಕೆ ಬರೀ ಗಂಡು ಬೇರು! ಹೆತ್ತವಳ ಹೆಸರನ್ನು ಕೇಳಿ ಸೇರಿಸಬೇಕು. ಹೆತ್ತವಳನ್ನು ಹೆತ್ತವಳ ಸುದ್ದಿಯೇ ಇಲ್ಲ. ಮದುವೆಯಾಗಿ ಹೋದ ಸೋದರತ್ತೆಯರು ಗಾಳಿಯಲ್ಲಿ ಉದುರಿದ ಎಲೆಗಳೇ? ನಾನು ಹಾಳೆಯನ್ನು ಹಿಂದಿರುಗಿಸಿ, "ಪೂರ್ಣ ವಂಶವೃಕ್ಷವನ್ನು ನಾನೇ ತಯಾರಿಸಿ ತರುತ್ತೇನೆ" ಎಂದೆ. ಆ ಯುವಕ ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಮುಚ್ಚಿದ. ನೌಕರಿಯಲ್ಲಿ ಅವನು ಬಹಳ ಮುಂದೆ ಬರುತ್ತಾನೆ.

ಮೂರು ಭಾನುವಾರ ನಾನೂ ಸಿಂಚನಳೂ ನಡುಮನೆಯಲ್ಲಿ ಕೂತು ನಾಲ್ಕು ಡ್ರಾಯಿಂಗ್ ಶೀಟುಗಳನ್ನು ಅಂಟಿಸಿ ಮರ ಬರೆದೆವು. ಮುತ್ತಜ್ಜಿಯರು, ಅವರ ಹೆಣ್ಣುಮಕ್ಕಳು, ಪಿರಿಯಾಪಟ್ಟಣಕ್ಕೆ ಕೊಟ್ಟವರು, ಕೆ.ಆರ್. ನಗರಕ್ಕೆ ಕೊಟ್ಟವರು, ಅವರ ಸೊಸೆಯರು, ಮೊಮ್ಮಕ್ಕಳು. ಒಟ್ಟು ಎಂಬತ್ತಮೂರು ಹೆಸರು. ಹೆಣ್ಣುಮಕ್ಕಳ ಹೆಸರಿಗೆ ಹಸಿರು ಶಾಯಿ. ಸಿಂಚನ ತನ್ನ ಹೆಸರಿನ ಪಕ್ಕ ಒಂದು ಗುಬ್ಬಿ ಬರೆದಳು.

ಯುವ ಅಧಿಕಾರಿ ಆ ಮರವನ್ನು ಮೇಜಿನ ಮೇಲೆ ಬಿಡಿಸಿದಾಗ ಅದು ಮೇಜು ದಾಟಿ, ಪಕ್ಕದ ಮೇಜು ದಾಟಿ, ಬಾಗಿಲ ಬಳಿ ನಿಂತಿದ್ದ ರೈತರೊಬ್ಬರ ಕಾಲಿಗೆ ತಾಗಿತು.

"ಮೇಡಂ, ಇದ್ರಲ್ಲಿ ಬದ್ಕಿರೋರ್ಗೆಲ್ಲ ತಿಳಿವಳಿಕೆ ನೋಟಿಸ್ ಕೊಡ್ಬೇಕಾಯ್ತದೆ."

"ಕೊಡಿ! ಎಷ್ಟೋ ಹೆಂಗಸರ ಹೆಸರಿಗೆ ಸರ್ಕಾರದಿಂದ ಒಂದು ಕಾಗದ ಬರುವುದು ಇದೇ ಮೊದಲಾಗುತ್ತದೆ!"

ಈ ಮಾತು ನಿಜವಾಯಿತು. ನಿಜವಾದದ್ದೇ ತೊಂದರೆಯಾಯಿತು.

ನಮ್ಮ ಸೀಮೆಯಲ್ಲಿ ವಂಶವೃಕ್ಷ ತೆಗೆಸುವುದಕ್ಕೆ ಒಂದೇ ಅರ್ಥ: ಜಮೀನು ಪಾಲು. ಬೇರೆ ಯಾವ ಕಾರಣಕ್ಕೂ ಮನುಷ್ಯಮಾತ್ರದವರು ವಂಶವೃಕ್ಷ ತೆಗೆಸುವುದಿಲ್ಲ. ಇದು ಹಸುಗೂಸಿಗೂ ಗೊತ್ತಿರುವ ಸಂಗತಿ. ಸಮಾಜ ವಿಜ್ಞಾನದ ಶಿಕ್ಷಕಿಗೆ ಹೊಳೆಯಲಿಲ್ಲ! ಸಾಲದ್ದಕ್ಕೆ, ಅರ್ಜಿಯ ಉದ್ದೇಶ ಎಂಬ ಕಡೆ ನಾನೇ ಸ್ಪಷ್ಟವಾಗಿ "ವಿದೇಶಕ್ಕೆ ಸಲ್ಲಿಸಲು" ಎಂದು ಬರೆದಿದ್ದೆ. ಕಬಿನಿ ಹಿನ್ನೀರಿನ ಸುತ್ತ ರೆಸಾರ್ಟುಗಳು ಏಳುತ್ತಿರುವ ಕಾಲ. ವಿದೇಶ, ವಂಶವೃಕ್ಷ, ನೋಟಿಸು: ಮೂರನ್ನೂ ಕೂಡಿಸಿದ ನೆಂಟರಿಷ್ಟರಿಗೆ ಒಂದೇ ಉತ್ತರ ಬಂತು.

ಮಹಜರಿನ ದಿನ ನಮ್ಮೂರ ಹಾಲಿನ ಡೈರಿಯ ಮುಂದೆ ಎರಡು ಗೂಡ್ಸ್ ಆಟೋ, ಒಂದು ಟ್ರ್ಯಾಕ್ಟರ್ ಬಂದು ನಿಂತವು. ಎಲ್ಲರ ಕೈಯಲ್ಲೂ ಆಧಾರ್ ಕಾರ್ಡಿನ ಜೆರಾಕ್ಸ್. ಮುಂದಾಳು ಕೆ.ಆರ್. ನಗರದ ಕೆಂಪಣ್ಣ, ನಮ್ಮ ದೊಡ್ಡಪ್ಪನ ಮಗ.

"ಏನವ್ವ ಜಯಾ, ನಮ್ಗೊಂದ್ ಮಾತೂ ಯೋಳ್ದೆ ಜಮೀನ್ನ ಫಾರಿನ್ನೋರ್ಗೆ ಕೊಡ್ತಾ ಇದ್ದೀಯಂತಲ್ಲ?"

"ಜಮೀನಲ್ಲ ಕೆಂಪಣ್ಣ, ಮಗು! ಸಿಂಚನಳನ್ನು ಸುನಂದಾ ದತ್ತು ತಗೊಳ್ತಿದ್ದಾಳೆ, ಅದಕ್ಕೆ."

"ಮಗೀಗೆ ಯಾಕವ್ವ ವಂಶವೃಕ್ಷ? ನಮ್ಮಪ್ಪನ್ ಕಾಲ್ದಿಂದ್ಲೂ ನೋಡಿವ್ನಿ, ವಂಶವೃಕ್ಷ ಆಚ್ಗೆ ಬತ್ತು ಅಂದ್ರೆ ಸರ್ವೆಯವ್ನು ಚೈನ್ ಇಡ್ಕೊಂಡು ಇಂದ್ಗಡೆ ಬಂದ ಅಂತ್ಲೇಯ."

ಅಷ್ಟರಲ್ಲಿ ಪಿರಿಯಾಪಟ್ಟಣದ ಸೋದರತ್ತೆ ಚಿಕ್ಕತಾಯಮ್ಮ ಜನವನ್ನು ಸರಿಸಿಕೊಂಡು ಬಂದರು. ನೋಟಿಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಎದೆಗೆ ಒತ್ತಿಕೊಂಡಿದ್ದರು.

"ನಂಗೆ ಎಂಬತ್ತಾಯ್ತು ಕಣವ್ವ. ಇವತ್ಗಂಟ ಯಾವ್ ಸರ್ಕಾರ್ದೋರೂ ನನ್ನೆಸ್ರಿಗೆ ಕಾಗ್ದ ಕಳ್ಸಿರ್ನಿಲ್ಲ. ನಂಗೆ ಎಷ್ಟ್ ಗುಂಟೆ ಬತ್ತದೆ ಯೋಳು?"

ಇಂಥ ಗಳಿಗೆಯಲ್ಲಿ ಬುದ್ಧಿಯುಳ್ಳವರು ಏನು ಹೇಳಬೇಕು? "ಅತ್ತೆ, ಇಲ್ಲಿ ಗುಂಟೆಯೂ ಇಲ್ಲ, ಗೇಣೂ ಇಲ್ಲ; ಸಹಿ ಹಾಕಿ, ಊಟ ಮಾಡಿ ಹೋಗಿ" ಎನ್ನಬೇಕು. ನಾನು ಏನು ಮಾಡಿದೆ? ಡೈರಿಯ ಜಗಲಿ ಹತ್ತಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಸಮಾನ ಹಕ್ಕಿನ ಕುರಿತು ಇಪ್ಪತ್ತು ನಿಮಿಷ ಮಾತಾಡಿದೆ! ಎದುರಿಗೆ ಅರವತ್ತು ಜನ, ಅರ್ಧಕ್ಕೂ ಹೆಚ್ಚು ಹೆಂಗಸರು. ಇಷ್ಟು ಗಮನವಿಟ್ಟು ಕೇಳಿದ ಸಭೆ ನನ್ನ ಹೋರಾಟದ ಬದುಕಿನಲ್ಲೇ ಸಿಕ್ಕಿರಲಿಲ್ಲ. ಕೊನೆಯಲ್ಲಿ ಚಪ್ಪಾಳೆಯೂ ಬಿತ್ತು.

ಚಪ್ಪಾಳೆ ನಿಂತ ಮೇಲೆ ತಕರಾರು ಅರ್ಜಿಗಳು ಬಂದವು. ನಮ್ಮ ಪಾಲು ಇತ್ಯರ್ಥವಾಗುವ ತನಕ ಈ ವಂಶವೃಕ್ಷವನ್ನು ದೃಢೀಕರಿಸಕೂಡದು ಎಂದು ಒಟ್ಟು ಹನ್ನೆರಡು. ಅದರಲ್ಲಿ ಐವರು ಹೆಂಗಸರಿಗೆ ಬರೆಯಲು ಬರುತ್ತಿರಲಿಲ್ಲ. ಶೋಷಿತ ಮಹಿಳೆಯೊಬ್ಬಳು "ಒಂದರ್ಜಿ ಬರ್ಕೊಡವ್ವ" ಎಂದರೆ ಇಲ್ಲವೆನ್ನುವ ಅಭ್ಯಾಸ ನನಗಿಲ್ಲ. ಐದನ್ನೂ ನಾನೇ ಬರೆದುಕೊಟ್ಟೆ. ನನ್ನ ಅರ್ಜಿಯ ವಿರುದ್ಧ. ಬಹಳ ಸಮರ್ಥವಾಗಿ!

ಯುವ ಅಧಿಕಾರಿ ಹನ್ನೆರಡನ್ನೂ ಜೋಡಿಸಿ ದಾರ ಕಟ್ಟಿದ. "ಈ ಐದು ಭಾಳ ಸ್ಟ್ರಾಂಗಾಗವೆ ಮೇಡಂ" ಎಂದು ನಿಟ್ಟುಸಿರಿಟ್ಟ. ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಹುಣಸೂರಿಗೆ ಮರಳುವ ಬಸ್ಸಿನಲ್ಲಿ ಮಹದೇವ ಟಿಕೆಟ್ಟುಗಳನ್ನು ಮಡಚಿ ಜೇಬಿಗಿಟ್ಟ. ಆಮೇಲೆ ಕೇಳಿದ: "ನಿಮ್ಮಣ್ಣನ್ ಎಸ್ರಲ್ಲಿ ಜಮೀನು ಎಷ್ಟಿತ್ತು?"

"ಇರಲಿಲ್ಲ. ಎಲ್ಲವನ್ನೂ ಅಪ್ಪನೇ ಮಾರಿದ್ದರು."

"ಆ ಮಾತ್ನ ಡೈರಿ ಮುಂದೆ ಯಾಕ್ ಯೋಳ್ಲಿಲ್ಲ?"

ಭಾಷಣದಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ.

ಇಷ್ಟಾದರೂ ನಾನು ಎದೆಗುಂದಲಿಲ್ಲ. ಜನರ ತಪ್ಪು ತಿಳಿವಳಿಕೆಯನ್ನು ಜನರ ನಡುವೆಯೇ ನಿವಾರಿಸಬೇಕು. ಇದು ಜಮೀನಿನ ವಿಷಯವಲ್ಲ, ಮಗುವಿನ ವಿಷಯ ಎಂದು ಮರದಲ್ಲಿ ಬದುಕಿರುವವರೆಲ್ಲ ಕಣ್ಣಾರೆ ಕಾಣಬೇಕು. ನಾನೂ ಮಹದೇವನೂ ಮದುವೆಯಾದದ್ದು ಪುರೋಹಿತರಿಲ್ಲದೆ, ವಾದ್ಯವಿಲ್ಲದೆ, ಪ್ರತಿಜ್ಞೆ ಓದಿ. ವೇದಿಕೆಯಿಂದ ಅಂಥ ಹತ್ತಾರು ಸರಳ ವಿವಾಹಗಳನ್ನೂ ನಡೆಸಿದ್ದೇವೆ. ಹಾಗಾದರೆ ಸರಳ ದತ್ತು ಸಮಾರಂಭ ಏಕಿಲ್ಲ? ನಾಡಿನಲ್ಲೇ ಪ್ರಥಮ!

"ಕಾಗ್ದ ಆಗೋಕ್ ಮುಂಚೆ ಸಮಾರಂಭ ಯಾಕೆ ಜಯಾ? ಕೂಸು ಉಟ್ಟೋಕ್ ಮುಂಚೆ ಕುಲಾವಿ ಒಲಿಸ್ದಂಗೆ" ಎಂದ ಮಹದೇವ.

"ಸಮಾಜಕ್ಕೊಂದು ಸಂದೇಶ ಹೋಗಬೇಕು."

"ಓಗ್ತದೆ ಬುಡು" ಎಂದ. ಎಲ್ಲಿಗೆ ಹೋಗುತ್ತದೆ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಹುಣಸೂರಿನಲ್ಲಿ ಒಂದು ಸಭಾಂಗಣ ಹಿಡಿದೆವು. ಗೋಡೆಗೆ ಬಿಳಿ ಪಂಚೆ ಕಟ್ಟಿ, ಅದರ ಮೇಲೆ ವಿಡಿಯೊ ಕರೆಯಲ್ಲಿ ಸುನಂದಾ ಮತ್ತು ಅವಳ ಗಂಡನನ್ನು ಮೂಡಿಸಿದೆವು. ಸಂವಿಧಾನದ ಪ್ರಸ್ತಾವನೆಯ ಓದು. ಆಮೇಲೆ ನಾನೇ ರಚಿಸಿದ ದತ್ತು ಪ್ರತಿಜ್ಞೆ. "ಈ ಮಗುವನ್ನು ಸಮಾನತೆಯ ನೆಲೆಯಲ್ಲಿ" ಎಂಬಲ್ಲಿಗೆ ಬಂದಾಗ ನೆಟ್‌ವರ್ಕ್ ಹೋಗಿ, ಸುನಂದಾ ಕಣ್ಣು ಮುಚ್ಚಿ ಬಾಯಿ ತೆರೆದ ಭಂಗಿಯಲ್ಲಿ ಪಂಚೆಯ ಮೇಲೆ ನಿಂತುಬಿಟ್ಟಳು.

"ಅಯ್ಯೋ, ಸುನಂದಂಗೆ ಗಾಳಿಗೀಳಿ ಒಡೀತು! ನಿಂಬೆಅಣ್ಣು ತನ್ರೋ!" ಎಂದು ಚಿಕ್ಕತಾಯಮ್ಮತ್ತೆ ಎದ್ದೇಬಿಟ್ಟರು. ಮೂಢನಂಬಿಕೆಯ ವಿರುದ್ಧ ನಾನು ವೇದಿಕೆಯ ಮೇಲಿಂದ ಎರಡು ಮಾತು ಹೇಳುತ್ತಿರುವಾಗಲೇ ಯಾರೋ ಪಂಚೆಗೆ ನಿಂಬೆಹಣ್ಣು ಇಳಿತೆಗೆದರು. ಮರುಕ್ಷಣ ಸುನಂದಾ ಕಣ್ಣು ಬಿಟ್ಟು "ಹಲೋ? ಹಲೋ?" ಎಂದಳು. ವಿಚಾರವಾದಕ್ಕೆ ಅಂದು ಆದ ಹಿನ್ನಡೆ ಸಣ್ಣದಲ್ಲ.

ಕೊನೆಯದಾಗಿ ನಾನು ಸಿಂಚನಳನ್ನು ಕೈಹಿಡಿದು ಕರೆದೊಯ್ದು, ವಿಧ್ಯುಕ್ತವಾಗಿ, ಪಂಚೆಗೆ ಒಪ್ಪಿಸಿದೆ. ಸಿಂಚನ ಪಂಚೆಯ ಮೇಲಿನ ಸುನಂದಾಳ ಕೆನ್ನೆಯನ್ನು ಮುಟ್ಟಿದಳು. ಸುನಂದಾಳ ಮುಖ ಆ ಪುಟ್ಟ ಕೈಯ ಮೇಲೂ ಮೂಡಿತು. ಸಭೆ ಕಣ್ಣೊರೆಸಿಕೊಂಡಿತು. ಕೆಂಪಣ್ಣ ಮೂಗು ಸೀಟಿ, "ಇದು ಮಗೀನ್ ಇಸ್ಯವೇ ಕಣ್ರಪ್ಪ, ಜಮೀನ್ದಲ್ಲ. ನಡೀರಿ, ತಕರಾರು ವಾಪಸ್ ತಗಳವ" ಎಂದ. ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಹನ್ನೆರಡೂ ಮಂದಿ ವಾಪಸಿನ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಹಾಕಿದ್ದರು. ವಂಶವೃಕ್ಷ ದೃಢೀಕರಣವಾಗಿ ಕೈಗೆ ಬಂತು, ಗುಬ್ಬಿಯ ಸಮೇತ!

ಗೆದ್ದೆ ಎಂದುಕೊಂಡೆ. ಗೆದ್ದವರು ಸುಮ್ಮನಿರಬೇಕು. ನಾನು ಪತ್ರಿಕಾ ಪ್ರಕಟಣೆ ಕೊಟ್ಟೆ.

ಮೂರನೆಯ ದಿನ ಸ್ಥಳೀಯ ಪತ್ರಿಕೆಯೊಂದರಲ್ಲಿ ಫೋಟೊ ಸಮೇತ ಸುದ್ದಿ: ಜಾತಿ, ಶಾಸ್ತ್ರಗಳಿಲ್ಲದೆ ಮಗುವನ್ನು ವಿದೇಶಿ ದಂಪತಿಗೆ ದತ್ತು ನೀಡಲಾಯಿತು. ನನ್ನದೇ ವಾಕ್ಯ. ಒಂದಕ್ಷರವನ್ನೂ ಬದಲಿಸಿರಲಿಲ್ಲ. ಆ ಪತ್ರಿಕೆಯ ಪ್ರಾಮಾಣಿಕತೆಯನ್ನು ಮೆಚ್ಚಿ ನಾಲ್ಕು ಪ್ರತಿ ಕೊಂಡೆ.

ಐದನೆಯ ಪ್ರತಿ, ಉಳಿದೆರಡು ಕಾಗದ ಆಗಬೇಕಿದ್ದ ಕಚೇರಿಯ ಮೇಜಿನ ಮೇಲಿತ್ತು. ಮಕ್ಕಳ ರಕ್ಷಣೆ ನೋಡಿಕೊಳ್ಳುವ ಅಧಿಕಾರಿ ನನಗಿಂತ ಹತ್ತು ವರ್ಷ ಚಿಕ್ಕವರು, ನನಗಿಂತ ಹತ್ತು ಪಟ್ಟು ಸಮಾಧಾನದ ಹೆಂಗಸು. ಕಾಫಿ ತರಿಸಿ, ಪತ್ರಿಕೆಯನ್ನು ನನ್ನತ್ತ ತಿರುಗಿಸಿದರು.

"ಮೇಡಂ, ಇದರ ಪ್ರಕಾರ ಮಗುವನ್ನು ಆಗಲೇ ಕೊಟ್ಟಾಗಿದೆ. ಕಾನೂನಿನ ಆದೇಶ ಆಗುವ ಮೊದಲೇ ಮಗುವನ್ನು ದತ್ತು ಕೊಡೋದು ಅಪರಾಧ ಅಂತ ನಿಮಗೆ ಗೊತ್ತಲ್ವಾ?"

"ಗೊತ್ತು! ಅಂಥ ಅಕ್ರಮಗಳ ವಿರುದ್ಧ ನಾನೇ ಧ್ವನಿ ಎತ್ತಿದ್ದೇನೆ."

"ಹೌದು, ಹೋದ ವರ್ಷ ನಮ್ಮ ಕಾರ್ಯಾಗಾರದಲ್ಲಿ ನೀವೇ ಉಪನ್ಯಾಸ ಕೊಟ್ಟಿದ್ರಿ. ತುಂಬಾ ಚೆನ್ನಾಗಿತ್ತು." ಆಮೇಲೆ ಫೋಟೊದ ಮೇಲೆ ಬೆರಳಿಟ್ಟರು. "ಇಲ್ಲಿ ಮಗುವನ್ನು ಕೊಡ್ತಾ ಇರೋರು ಯಾರು?"

ಫೋಟೊ ಬಹಳ ಸ್ಪಷ್ಟವಾಗಿತ್ತು. ನಾನು ನಗುತ್ತಿದ್ದೆ.

"ಗಾಬರಿಯಾಗಬೇಡಿ. ಅದು ಸಾಂಕೇತಿಕ, ಮಗು ನಿಮ್ಮ ಮನೇಲೇ ಇದೆ ಅಂತ ಒಂದು ಪುಟದ ವಿವರಣೆ ಕೊಡಿ. ಕಡತ ಮುಂದಕ್ಕೆ ಹೋಗುತ್ತೆ. ಒಂದೇ ಪುಟ ಸಾಕು ಮೇಡಂ" ಎಂದರು. ಒಂದೇ ಎನ್ನುವಾಗ ಬೆರಳನ್ನೂ ಎತ್ತಿ ತೋರಿಸಿದ್ದರು.

ನಾನು ಹತ್ತೊಂಬತ್ತು ಪುಟ ಬರೆದೆ.

ಮೊದಲ ಪುಟದಲ್ಲಿ ದತ್ತು ಪದ್ಧತಿಯ ಇತಿಹಾಸ. ಏಳನೆಯ ಪುಟದಲ್ಲಿ ಅಧಿಕಾರಶಾಹಿಯ ಅನುಮಾನಪ್ರವೃತ್ತಿಗೆ ಖಂಡನೆ. "ಮಗು ನಮ್ಮ ಮನೆಯಲ್ಲೇ ಇದೆ" ಎಂಬ ವಾಕ್ಯ ಹದಿನಾರನೆಯ ಪುಟದಲ್ಲಿ, ಆವರಣದೊಳಗೆ ಬರುತ್ತದೆ. ಅದನ್ನು ಯಾರೂ ಕಂಡಿಲ್ಲವೆಂದರೆ ಅಚ್ಚರಿಯಿಲ್ಲ. ಹತ್ತು ದಿನ ಕಾದೆ. ಉತ್ತರ ಬರಲಿಲ್ಲ. ವಿಳಂಬವನ್ನು ಸಹಿಸುವವಳೇ ನಾನು? ನನ್ನ ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತು ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಉತ್ತರ ಸಿದ್ಧಪಡಿಸಲು ಕಡತ ಮಾಹಿತಿ ವಿಭಾಗಕ್ಕೆ ಹೋಯಿತು. ಕಡತ ಮೇಜಿನ ಮೇಲಿಲ್ಲವೆಂದು ತಿಳಿದು ದೂರು ಕೊಟ್ಟೆ. ದೂರಿನ ವಿಚಾರಣೆಗೆಂದು ಕಡತ ಇನ್ನೂ ಮೇಲಿನ ಕಚೇರಿಗೆ ಹೋಯಿತು. ಅದು ಹಿಂದಿರುಗದ್ದನ್ನು ಪ್ರತಿಭಟಿಸಿ ಜ್ಞಾಪನಾ ಪತ್ರ ಸಲ್ಲಿಸಿದೆ. ಅದರ ಪರಿಶೀಲನೆಗೂ ಅದೇ ಕಡತ ಬೇಕಂತೆ!

ಕೊನೆಗೊಂದು ಹಿಂಬರಹ ಬಂತು. ಅಷ್ಟು ಸಂಯಮದ ಸರ್ಕಾರಿ ಭಾಷೆಯನ್ನು ನಾನು ಬೇರೆಲ್ಲೂ ಓದಿಲ್ಲ: ತಮ್ಮ ಅರ್ಜಿಯು ತಮ್ಮದೇ ಇತರ ಅರ್ಜಿಗಳ ವಿಲೇವಾರಿಗಾಗಿ ಕಾದಿರುತ್ತದೆ.

ಇಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. ಸುನಂದಾ ಅಲ್ಲಿಯ ಚಳಿಗೆಂದು ಮೊದಲೇ ಒಂದು ಕೆಂಪು ಕೋಟು ಕಳಿಸಿದ್ದಳು. ಸಿಂಚನ ಹುಣಸೂರಿನ ಬಿಸಿಲಿನಲ್ಲಿ ಅದನ್ನು ತೊಟ್ಟುಕೊಂಡು, ಬೆವರು ಸುರಿಸುತ್ತ, ಅಂಗಳದಲ್ಲಿ ಐರ್ಲೆಂಡಿಗೆ ಹೋಗುವ ಆಟ ಆಡುತ್ತಿದ್ದಳು. ಒಂದು ಭಾನುವಾರ ವಿಡಿಯೊ ಕರೆಯಲ್ಲಿ ಅವಳು ತೋಳು ಚಾಚಿ ತೋರಿಸಿದಳು. ತೋಳಿನ ಅಂಚು ಮಣಿಕಟ್ಟು ಬಿಟ್ಟು ನಾಲ್ಕು ಬೆರಳು ಮೇಲಕ್ಕೆ ಏರಿತ್ತು.

"ಅಮ್ಮ, ಕೋಟು ಚಿಕ್ಕದಾಗೋಯ್ತು."

ಸುನಂದಾ ಅಂದು ಪಂಚೆಯ ಮೇಲೆ ನಿಂತಂತೆ ಕಣ್ಣು ಮುಚ್ಚಿದಳು. ಈ ಸಲ ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. "ಇಲ್ಲಿ ಸ್ಕೂಲು ಶುರುವಾಯ್ತು ಕಂದ, ಮುಂದಿನ್ ವರ್ಷ ಸೇರ್ಕೊಳ್ಳೋಣ" ಎಂದಳು. ಆಮೇಲೆ ನನ್ನನ್ನು ಕರೆದು, "ಅಕ್ಕ, ಇವ್ರು ಅನುಮತೀನ ಒಂದೇ ಒಂದ್ಸಲ ಮುಂದಕ್ಕೆ ಹಾಕ್ತಾರಂತೆ. ಆಮೇಲಿಲ್ಲ. ನೀನು ನನಗೊಂದು ಸಹಾಯ ಮಾಡ್ತೀಯಾ?" ಎಂದಳು.

"ಏನು ಬೇಕಾದರೂ! ಮಂತ್ರಿಗಳಿಗೇ ಬರೆಯುತ್ತೇನೆ!"

"ಏನೂ ಮಾಡ್ಬೇಡ."

ಫೋನಿಟ್ಟ ಮೇಲೆ ನಾನು ಬ್ಯಾರನ್ನಿನ ಬಳಿಗೆ ಹೋದೆ. ಮಹದೇವ ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದ. ವ್ಯವಸ್ಥೆ ಹೇಗೆ ಹೆಜ್ಜೆ ಹೆಜ್ಜೆಗೂ ಒಂದು ಹೆಣ್ಣುಮಗುವಿನ ಹಕ್ಕನ್ನು ತುಳಿಯುತ್ತಿದೆ ಎಂದು ಶುರುಮಾಡಿದೆ. ಅವನು ಕೈಯಲ್ಲಿದ್ದ ದಾರವನ್ನು ಕೆಳಗಿಟ್ಟ. ಮೂವತ್ತು ವರ್ಷಗಳಲ್ಲಿ ಅವನು ನನ್ನ ಮಾತಿಗೆ ಕೆಲಸ ನಿಲ್ಲಿಸಿದ್ದು ಅದೇ ಮೊದಲು.

"ಜಯಾ, ಮಗೀನ ಕಳ್ಸೋಕೆ ನಿಂಗ್ ಮನ್ಸಿಲ್ದಿದ್ರೆ ಬಾಯ್ಬುಟ್ಟು ಯೋಳ್ಬುಡು. ಅದ್ಕೆ ಸರ್ಕಾರನ ಯಾಕೆ ಬಯ್ತೀಯ?"

ನಾನು ಒಂದು ಹಿಡಿ ಸೊಪ್ಪು ತೆಗೆದುಕೊಂಡು ಕಟ್ಟಲು ಕುಳಿತೆ. ತಂಬಾಕು ವಿರೋಧಿ ಚಳವಳಿಯ ನಾಯಕಿ ಅಂದು ಏಳು ಕಡ್ಡಿ ಹೊಗೆಸೊಪ್ಪು ಕಟ್ಟಿದಳು. ಏಳನ್ನೂ ಮಹದೇವ ಬಿಚ್ಚಿ ಮತ್ತೆ ಕಟ್ಟಿದ.

ಮಾರನೆಯ ದಿನ ಅವನೇ ವಿವರಣೆ ಬರೆದ. ಮೂರು ವಾಕ್ಯ. "ಅದು ಬರೀ ಸಮಾರಂಭ. ಮಗು ನಮ್ಮ ಮನೆಯಲ್ಲೇ ಇದೆ, ಬಂದು ನೋಡಬಹುದು. ನನ್ನ ಹೆಂಡತಿಯ ಪರವಾಗಿ ಕ್ಷಮೆ ಇರಲಿ." ನಾನು "ಹೆಂಡತಿ" ಎಂಬುದನ್ನು "ಬಾಳಸಂಗಾತಿ" ಎಂದು ತಿದ್ದಲು ಪೆನ್ನು ತೆಗೆದೆ. ಅವನು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. ನನ್ನ ಪಾಲಿಗೆ ಉಳಿದ ಕೆಲಸ, ಮಾಹಿತಿ ಅರ್ಜಿ, ದೂರು, ಜ್ಞಾಪನಾ ಪತ್ರ ಮೂರನ್ನೂ ಹಿಂತೆಗೆದುಕೊಳ್ಳುವುದು. ಅದಕ್ಕೂ ಮೂರು ಅರ್ಜಿ ಬರೆಯಬೇಕಾಯಿತು. ಅಷ್ಟು ಚಿಕ್ಕ ಅರ್ಜಿಗಳನ್ನು ಬರೆಯುವಾಗ ನನಗಾದ ಸಂಕಟವನ್ನು ವರ್ಣಿಸಲಾರೆ!

ಎಂಟು ದಿನಗಳಲ್ಲಿ ಕಡತ ಕೆಳಗಿಳಿದು ಬಂತು. ಅಧಿಕಾರಿ ಮನೆಗೆ ಬಂದರು. ಮಗುವಿನ ಒಪ್ಪಿಗೆಯನ್ನು ಮಗುವಿನಿಂದಲೇ, ಒಬ್ಬಳನ್ನೇ ಕೂರಿಸಿಕೊಂಡು ಕೇಳಬೇಕೆಂಬ ನಿಯಮ ಬಹಳ ಒಳ್ಳೆಯ ನಿಯಮ. ಅದನ್ನು ಬಲವಾಗಿ ಬೆಂಬಲಿಸುತ್ತ ಬಾಗಿಲಲ್ಲೇ ನಿಂತಿದ್ದ ನನ್ನನ್ನು ಮಹದೇವ ತೋಳು ಹಿಡಿದು ಹಿತ್ತಲಿಗೆ ಕರೆದೊಯ್ದ. ಅರ್ಧ ಗಂಟೆಯ ಮೇಲೆ ಅಧಿಕಾರಿ ಹೊರಬಂದರು. ಕೈಯಲ್ಲಿ ಸಿಂಚನಳ ದುಂಡಕ್ಷರದ ಹಾಳೆ: "ನನಗೆ ಅಮ್ಮನ ಹತ್ತಿರ ಹೋಗಬೇಕು."

"ಒಂದೇ ಸಾಲು ಮೇಡಂ. ಎಲ್ಲವೂ ಇದರಲ್ಲಿದೆ. ನಿಮ್ಮ ಮನೆಯಲ್ಲಿ ಯಾರಿಂದ ಕಲಿತಳೋ!" ಎಂದರು.

ಮಹದೇವ ಆಕಾಶ ನೋಡಿದ.

ಬೀಳ್ಕೊಡುವಾಗ ಅಧಿಕಾರಿ ಗೇಟಿನ ಬಳಿ ನಿಂತು ತಗ್ಗಿದ ದನಿಯಲ್ಲಿ, "ನಿಮ್ಮನ್ನು ಬಿಟ್ಟು ಹೋಗೋದಕ್ಕೆ ಬೇಜಾರಿಲ್ವಾ ಅಂತಲೂ ಕೇಳಿದೆ. ಇದೆಯಂತೆ. 'ಆದ್ರೆ ದೊಡ್ಡತ್ತೆಗೆ ತುಂಬಾ ಕೆಲ್ಸ ಇರುತ್ತೆ, ಮರ್ತೋಗ್ತಾರೆ' ಅಂದಳು" ಎಂದರು.

ಆ ಸಂಜೆ ನಾನು ಸಿಂಚನಳ ಜೊತೆ ಅಂಗಳದಲ್ಲಿ ಐರ್ಲೆಂಡಿಗೆ ಹೋಗುವ ಆಟ ಆಡಿದೆ. ಇದನ್ನು ನನ್ನ ಪರಿಚಿತರು ನಂಬುವುದಿಲ್ಲ.

ಈಗ ಅಂತಿಮ ಆದೇಶಕ್ಕೆ ಮೈಸೂರಿನಲ್ಲಿ ವಿಚಾರಣೆಯ ದಿನ ಗೊತ್ತಾಗಿದೆ. ಬರುವ ತಿಂಗಳ ಮೊದಲ ಗುರುವಾರ. ಇದು ತಪ್ಪಿದರೆ ಆ ದೇಶದ ಅನುಮತಿಯ ಅವಧಿ ಮುಗಿಯುತ್ತದೆ, ಮತ್ತೆ ಮುಂದಕ್ಕೆ ಹಾಕುವುದಿಲ್ಲ. ಸಿಂಚನಳ ಮತ್ತೊಂದು ವರ್ಷವನ್ನು ಕಳೆಯುವ ಹಕ್ಕು ಯಾರಿಗೂ ಇಲ್ಲ. ಆದಕಾರಣ ಎಲ್ಲ ಅನ್ಯಾಯಗಳನ್ನೂ ಕೂಲಂಕಷವಾಗಿ ಪರಿಶೀಲಿಸಿ, ಹೊಣೆಗಾರರನ್ನು ಗುರುತಿಸಿ, ಅವರಿಗೆ ಈ ಮೂಲಕ ಆಗ್ರಹಿಸುತ್ತೇನೆ:

ಎಚ್ಚೆತ್ತ ನಾಗರಿಕರ ವೇದಿಕೆಯ ಸಂಸ್ಥಾಪಕ ಅಧ್ಯಕ್ಷೆ ಶ್ರೀಮತಿ ಜಯಾ ಅವರೇ, ಸದರಿ ಗುರುವಾರ ತಾವು ಮೈಸೂರಿಗೆ ಹೋಗಕೂಡದು. ಹಿಂದಿನ ದಿನವೇ ಕಡತವನ್ನು ಒಂದು ಹಾಳೆಯನ್ನೂ ಸೇರಿಸದೆ ಮಹದೇವನ ಕೈಗೆ ಒಪ್ಪಿಸತಕ್ಕದ್ದು. ಬೆಳಗ್ಗೆ ಎಂಟರ ಬಸ್ಸಿಗೆ ಅವರಿಬ್ಬರನ್ನೂ ಹತ್ತಿಸಿ, ಕಿಟಕಿಯ ಪಕ್ಕ ಕೂತ ಹುಡುಗಿಗೆ ಕೈ ಬೀಸತಕ್ಕದ್ದು. ಬಸ್ಸು ಏಕೆ ತಡವಾಗಿ ಹೊರಟಿತು ಎಂದು ಕಂಡಕ್ಟರನ್ನು ಪ್ರಶ್ನಿಸಕೂಡದು. ಅಳು ಬಂದರೆ ಅಳತಕ್ಕದ್ದು. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಅರ್ಜಿಯೂ ಬೇಕಿಲ್ಲ.